ಹಳೆಯ ಬೈಕ್ ಸ್ಟಾರ್ಟ್ ಆಗುತ್ತಿಲ್ಲವೇ? ಇಗ್ನಿಷನ್ ದೋಷವನ್ನು ಪ್ಲಗ್ಗಿನಿಂದ ಹಿಂದಕ್ಕೆ ಹುಡುಕುವ ಬಗೆ

ಸ್ಟಾರ್ಟ್ ಆಗದ ಹಳೆಯ ಬೈಕಿಗೆ ಇವತ್ತು ಪ್ಲಗ್, ನಾಳೆ ಕಾಯಿಲ್, ನಾಡಿದ್ದು ಸಿಡಿಐ (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಡಬ್ಬಿ) ಎಂದು ಒಂದೊಂದೇ ಭಾಗ ಬದಲಿಸುತ್ತ ಹೋದರೆ ದುಡ್ಡೂ ಹೋಗುತ್ತದೆ, ದೋಷವೂ ಉಳಿಯುತ್ತದೆ. ಅಕಸ್ಮಾತ್ ಸ್ಟಾರ್ಟ್ ಆದರೂ ಕೆಟ್ಟಿದ್ದು ಯಾವುದೆಂದು ಖಾತ್ರಿಯಾಗುವುದಿಲ್ಲ. ಹೊಸ ಸಿಡಿಐ ಹಾಕಲು ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಜೋಡಣೆ) ಎಳೆದು ಮತ್ತೆ ಒತ್ತಿದಾಗ ಪಿನ್ನಿನ ಮೇಲಿದ್ದ ಕಿಲುಬು ಉಜ್ಜಿಹೋಗಿ ಕರೆಂಟ್ ಹರಿದಿರಬಹುದು. ಹಾಗಾಗಿದ್ದರೆ ಸ್ವಲ್ಪ ದಿನದಲ್ಲೇ ಅದೇ ಕಾಯಿಲೆ ವಾಪಸ್ ಬರುತ್ತದೆ.

ಸರಿಯಾದ ಕ್ರಮ ಬೇರೆಯೇ ಇದೆ. ಪ್ಲಗ್ಗಿನಿಂದ ಹೊರಟು, ಕರೆಂಟ್ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ದಾರಿಯ ಒಂದೊಂದು ಜಾಗದಲ್ಲೂ ಅಳೆಯಬೇಕು. ಅಳತೆ ತಪ್ಪಿದ ಕಡೆ ಮಾತ್ರ ಬಿಚ್ಚಬೇಕು. ಇದಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ: 0.1 ಓಮ್‌ವರೆಗೆ ತೋರಿಸುವ ಮಲ್ಟಿಮೀಟರ್, ಫೀಲರ್ ಗೇಜ್, ಪ್ಲಗ್ ಪಾನಾ, ಎರಡು ತುದಿಗೂ ಕ್ಲಿಪ್ ಇರುವ ಒಂದೆರಡು ವೈರ್, ಬ್ಯಾಟರಿಯ ವೋಲ್ಟೇಜಿಗೆ ಹೊಂದುವ ಸಣ್ಣ ಬಲ್ಬಿನ ಟೆಸ್ಟ್ ಲ್ಯಾಂಪ್, ಸ್ಪಾರ್ಕ್ ಟೆಸ್ಟರ್, ಕಾಂಟ್ಯಾಕ್ಟ್ ಕ್ಲೀನರ್, ಮತ್ತು ಬೈಕಿಗೆ ಹೇಳಿದ ನಂಬರಿನ ಒಂದು ಹೊಸ ಪ್ಲಗ್. ಬೈಕಿನ ಸರ್ವಿಸ್ ಮ್ಯಾನುಯಲ್ ಸಿಕ್ಕರೆ ಕೆಲಸ ಅರ್ಧ ಮುಗಿದಂತೆ. ಇಲ್ಲಿ ಕೊಟ್ಟಿರುವ ಅಂಕಿಗಳು ಸಾಮಾನ್ಯವಾಗಿ ಕಾಣುವ ಮಿತಿಗಳು. ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ.

ದೋಷ ಇಗ್ನಿಷನ್ನಿನದೇ ಹೌದಾ?

ಚೋಕ್ ಎಳೆದು ಏಳೆಂಟು ಕಿಕ್ ಹೊಡೆದು, ತಡಮಾಡದೆ ಪ್ಲಗ್ ಬಿಚ್ಚಿ ನೋಡಿ. ತುದಿ ಪೂರ್ತಿ ಒಣಗಿದ್ದು ಪೆಟ್ರೋಲ್ ವಾಸನೆಯೂ ಇಲ್ಲದಿದ್ದರೆ ತೊಂದರೆ ಬಹುತೇಕ ಪೆಟ್ರೋಲ್ ಕಡೆಯದು: ಕಾಕ್ (ಟ್ಯಾಂಕಿನ ಪೆಟ್ರೋಲ್ ನಲ್ಲಿ), ಫಿಲ್ಟರ್, ಕಟ್ಟಿಕೊಂಡ ಜೆಟ್. ಒದ್ದೆಯಾಗಿದ್ದರೆ ಪೆಟ್ರೋಲ್ ಸಿಲಿಂಡರಿಗೆ ಬಂದಿದೆ, ಹೊತ್ತಿಕೊಂಡಿಲ್ಲ. ಆಗ ಇಗ್ನಿಷನ್ ಮೇಲೆ ಅನುಮಾನ ಪಡುವುದು ನ್ಯಾಯ. ಪ್ಲಗ್ ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಇಗ್ನಿಷನ್ ಆಫ್ ಇರುವಾಗಲೇ ಒಮ್ಮೆ ಕಿಕ್ ಒತ್ತಿ. ಕಂಪ್ರೆಷನ್ ಬೆರಳನ್ನು ಬಲವಾಗಿ ಹೊರಗೆ ತಳ್ಳಬೇಕು. ತಳ್ಳದಿದ್ದರೆ ಸಮಸ್ಯೆ ಎಂಜಿನ್ನಿನ ಒಳಗಿದೆ, ಈ ಮಾರ್ಗದರ್ಶಿ ಅದಕ್ಕೆ ಸಾಲದು.

ತುಂಬಾ ಕಿಕ್ ಹೊಡೆದು ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿಕೊಂಡಿದ್ದರೆ ಎಷ್ಟೇ ಒಳ್ಳೆಯ ಕಿಡಿಗೂ ಎಂಜಿನ್ ಏಳುವುದಿಲ್ಲ. ಕಾಕ್ ಮುಚ್ಚಿ, ಇಗ್ನಿಷನ್ ಆಫ್ ಮಾಡಿ, ಚೋಕ್ ಬಿಟ್ಟು, ಪ್ಲಗ್ ಇಲ್ಲದೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತಿಪ್ಪತ್ತು ಕಿಕ್ ಹೊಡೆಯಿರಿ. ಐದು ನಿಮಿಷ ಹಾಗೇ ಬಿಡಿ.

ನಿಮ್ಮ ಬೈಕಿನದು ಯಾವ ಪದ್ಧತಿ?

ಇದನ್ನು ತಿಳಿಯದೆ ಮೀಟರ್ ಹಿಡಿದರೆ ಓದಿದ್ದೆಲ್ಲ ತಪ್ಪು ಅರ್ಥ ಕೊಡುತ್ತದೆ.

ಬ್ಯಾಟರಿ ಮತ್ತು ಪಾಯಿಂಟ್ ಇರುವ ಬೈಕಿನಲ್ಲಿ ಕರೆಂಟ್ ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್, ಕಿಲ್ ಸ್ವಿಚ್, ಕಾಯಿಲ್ಲಿನ ಪ್ರೈಮರಿ ಸುತ್ತು, ಪಾಯಿಂಟ್ (ಎಂಜಿನ್ ತಿರುಗಿದಂತೆ ತೆರೆದು ಮುಚ್ಚುವ ಸಣ್ಣ ಸಂಪರ್ಕ) ದಾಟಿ ಅರ್ಥ್, ಅಂದರೆ ಚಾಸಿ ಮತ್ತು ಎಂಜಿನ್ನಿನ ಲೋಹ, ಸೇರುತ್ತದೆ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ಲಿನಲ್ಲಿ ಕಾಂತಶಕ್ತಿ ತುಂಬಿಕೊಳ್ಳುತ್ತದೆ. ಪಾಯಿಂಟ್ ತೆರೆದ ಕ್ಷಣ ಅದು ಕುಸಿದು ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಮ್ಯಾಗ್ನೆಟೊ ಬೈಕಿಗೆ ಬ್ಯಾಟರಿ ಬೇಡ. ಫ್ಲೈವೀಲಿನ ಮ್ಯಾಗ್ನೆಟ್ಟೇ ಕರೆಂಟ್ ಹುಟ್ಟಿಸುತ್ತದೆ, ಪಾಯಿಂಟ್ ಅಲ್ಲೇ ಒಳಗಿರುತ್ತದೆ. ಸಿಡಿಐನಲ್ಲಿ ಪಾಯಿಂಟ್ ಇಲ್ಲ. ಒಳಗಿನ ಕೆಪಾಸಿಟರ್ 200ರಿಂದ 400 ವೋಲ್ಟ್‌ವರೆಗೆ ಚಾರ್ಜ್ ಆಗುತ್ತದೆ; ಪಲ್ಸರ್ ಕಾಯಿಲ್ (ಕಿಡಿಯ ಹೊತ್ತು ತಿಳಿಸುವ ಸಣ್ಣ ಕಾಯಿಲ್) ಸೂಚನೆ ಕೊಟ್ಟ ತಕ್ಷಣ ಅಷ್ಟನ್ನೂ ಎಚ್‌ಟಿ (ಹೈ ಟೆನ್ಷನ್) ಕಾಯಿಲ್ಲಿಗೆ ಸುರಿಯುತ್ತದೆ. ಆ ಚಾರ್ಜ್ ಮ್ಯಾಗ್ನೆಟ್ಟಿನ ಸೋರ್ಸ್ ಕಾಯಿಲ್ಲಿನಿಂದ ಬಂದರೆ ಎಸಿ ಸಿಡಿಐ, ಬ್ಯಾಟರಿಯಿಂದ ಬಂದರೆ ಡಿಸಿ ಸಿಡಿಐ.

ಇಲ್ಲಿ ನೆನಪಿಡಬೇಕಾದ ಒಂದು ವಿಷಯ: ಬ್ಯಾಟರಿ ಮೇಲೆ ನಡೆಯುವ ಇಗ್ನಿಷನ್ನಿನಲ್ಲಿ ಸ್ವಿಚ್ ಆಫ್ ಮಾಡಿದರೆ ಕರೆಂಟಿನ ದಾರಿ ಕಡಿಯುತ್ತದೆ. ಮ್ಯಾಗ್ನೆಟೊ ಮತ್ತು ಎಸಿ ಸಿಡಿಐಗಳಲ್ಲಿ ಬಹುತೇಕ ಇದಕ್ಕೆ ಉಲ್ಟಾ. ಆಫ್ ಮಾಡಿದಾಗ ಸ್ವಿಚ್ ಒಂದು ವೈರನ್ನು (ಕಿಲ್ ವೈರ್) ಅರ್ಥಿಗೆ ಸೇರಿಸಿ ಕಿಡಿಯನ್ನು ಕೊಲ್ಲುತ್ತದೆ. ಅಂದರೆ ಮೊದಲನೆಯದರಲ್ಲಿ ವೈರ್ ತುಂಡಾದರೆ ಬೈಕ್ ಸಾಯುತ್ತದೆ, ಎರಡನೆಯದರಲ್ಲಿ ವೈರ್ ಸುಲಿದು ಚಾಸಿಗೆ ತಗುಲಿದರೆ ಸಾಯುತ್ತದೆ.

ಕಿಡಿ ನೋಡುವ ರೀತಿ

ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಥ್ರೆಡ್ ಭಾಗವನ್ನು ಕ್ಲಿಪ್ ವೈರಿನಿಂದ ಎಂಜಿನ್ನಿನ ಬರಿಯ ಲೋಹಕ್ಕೆ ಕಟ್ಟಿ. ಬಣ್ಣ ಹೊಡೆದ ಫಿನ್ನಿಗೆ ಸುಮ್ಮನೆ ತಾಗಿಸಿದರೆ ಅರ್ಥ್ ಸಿಗುವುದಿಲ್ಲ. ಕಿಡಿ ಇದ್ದೂ ಇಲ್ಲ ಎಂದುಕೊಳ್ಳುವುದು ಹೆಚ್ಚಾಗಿ ಇದರಿಂದಲೇ. ಕಾಕ್ ಮುಚ್ಚಿರಲಿ. ಪ್ಲಗ್ ರಂಧ್ರದಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಆದ್ದರಿಂದ ಪ್ಲಗ್ಗನ್ನು ರಂಧ್ರದಿಂದ ಒಂದು ಗೇಣಾದರೂ ದೂರ ಇಡಿ. ಇದರಲ್ಲಿ ಅಸಡ್ಡೆ ಮಾಡಿದರೆ ಟ್ಯಾಂಕಿನ ಕೆಳಗೇ ಬೆಂಕಿ. ಪ್ಲಗ್ಗನ್ನಾಗಲಿ ಕ್ಯಾಪನ್ನಾಗಲಿ ಕೈಯಲ್ಲಿ ಹಿಡಿಯಬೇಡಿ.

ನೆರಳಿರುವ ಕಡೆ ನಿಂತು ಜೋರಾಗಿ ಕಿಕ್ ಹೊಡೆಯಿರಿ. ದಪ್ಪಗೆ, ನೀಲಿ ಬೆರೆತ ಬಿಳಿಯಾಗಿ, ಚಟ್ ಎಂದು ಕೇಳಿಸುವ ಕಿಡಿ ಬಂದರೆ ಒಳ್ಳೆಯದು. ತೆಳ್ಳಗೆ ಹಳದಿಯಾಗಿಯೋ ಕೆಂಪಾಗಿಯೋ ಬಂದರೆ ಅದನ್ನು ಕಿಡಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೊರಗಿನ ಗಾಳಿಯಲ್ಲಿ 0.6 ಮಿಮೀ ಹಾರುವುದು ಸುಲಭ. ಕಂಪ್ರೆಷನ್ನಿನ ಒತ್ತಡದಲ್ಲಿ ಅದೇ ಅಂತರ ದಾಟಲು ಹಲವು ಪಟ್ಟು ವೋಲ್ಟೇಜ್ ಬೇಕು. ಆದ್ದರಿಂದ 6 ಮಿಮೀ ಅಂತರಕ್ಕೆ ಹೊಂದಿಸಿದ ಸ್ಪಾರ್ಕ್ ಟೆಸ್ಟರಿನಲ್ಲಿ ನೋಡುವುದೇ ನಂಬಿಕೆಯ ಪರೀಕ್ಷೆ. ಅದನ್ನು ಸಲೀಸಾಗಿ ಹಾರಿದರೆ ಕಾಯಿಲ್‌ವರೆಗಿನ ಎಲ್ಲವೂ ಸರಿ ಇದೆ. ಉಳಿದದ್ದು ಪ್ಲಗ್ ಮತ್ತು ಟೈಮಿಂಗ್ ಎರಡೇ.

ಎಚ್‌ಟಿ ವೈರನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ನೇತಾಡಲು ಬಿಟ್ಟು ಕಿಕ್ ಹೊಡೆಯಬಾರದು. ಹಾರಲು ದಾರಿ ಕಾಣದ ವೋಲ್ಟೇಜ್ ಕಾಯಿಲ್ಲಿನ ಒಳಗಿನ ಇನ್ಸುಲೇಷನ್ ಸೀಳಿಕೊಂಡು ಹೋಗುತ್ತದೆ, ಸಿಡಿಐ ಕೂಡ ಸುಡಬಹುದು.

ಬ್ಯಾಟರಿ ಮತ್ತು ಪಾಯಿಂಟಿನ ಬೈಕಿನಲ್ಲಿ ಕಿಕ್ ಹೊಡೆದಾಗ ಕಿಡಿ ಬಾರದೆ, ಇಗ್ನಿಷನ್ ಆಫ್ ಮಾಡಿದ ಕ್ಷಣ ಒಂದೇ ಒಂದು ಕಿಡಿ ಬಂದರೆ ಅದು ದೊಡ್ಡ ಸುಳಿವು. ಕಾಯಿಲ್ ಚೆನ್ನಾಗಿದೆ, ಕರೆಂಟೂ ಬರುತ್ತಿದೆ, ಅದನ್ನು ಕಡಿಯಬೇಕಾದ ಪಾಯಿಂಟ್ ಮಾತ್ರ ತೆರೆಯುತ್ತಿಲ್ಲ. ನೇರವಾಗಿ ಪಾಯಿಂಟಿಗೆ ಹೋಗಿ.

ಪ್ಲಗ್, ಕ್ಯಾಪ್, ಎಚ್‌ಟಿ ವೈರ್

ಹೊಸ ಪ್ಲಗ್ ಹಾಕಿ ನೋಡುವುದು ಈ ಹಂತದಲ್ಲಿ ಒಪ್ಪಬಹುದಾದ ಒಂದೇ ಬದಲಾವಣೆ, ಏಕೆಂದರೆ ಕಣ್ಣಿಗೆ ಚೆನ್ನಾಗಿ ಕಾಣುವ ಪ್ಲಗ್ಗೂ ಒತ್ತಡದಲ್ಲಿ ಸೋರುತ್ತದೆ. ಗ್ಯಾಪ್ ಪಾಯಿಂಟಿನ ಬೈಕಿಗೆ 0.6ರಿಂದ 0.7 ಮಿಮೀ, ಸಿಡಿಐಗೆ 0.7ರಿಂದ 0.8 ಮಿಮೀ ಸಾಮಾನ್ಯ. ಟೂ ಸ್ಟ್ರೋಕಿನಲ್ಲಿ ಕೂದಲೆಳೆಯಷ್ಟು ಕಾರ್ಬನ್ ಎರಡು ಎಲೆಕ್ಟ್ರೋಡುಗಳ ನಡುವೆ ಸೇತುವೆ ಕಟ್ಟಿಬಿಟ್ಟಿರುತ್ತದೆ. ಬೆಳಕಿಗೆ ಹಿಡಿದು ನೋಡಿ.

ಕ್ಯಾಪನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ತಾಮ್ರದ ಎಳೆಯ ವೈರಿನಿಂದ ಕಳಚಿಬರುತ್ತದೆ. ಅದರ ಎರಡು ತುದಿಗಳ ನಡುವೆ ಅಳೆಯಿರಿ. ರೆಸಿಸ್ಟರ್ ಕ್ಯಾಪಿನಲ್ಲಿ ಸುಮಾರು 5 ಕಿಲೋಓಮ್ ಬರಬೇಕು. ಅದರ ಎರಡರಷ್ಟು ತೋರಿಸಿದರೆ, ಅಥವಾ ಅಲುಗಾಡಿಸಿದಾಗ ಅಂಕಿ ಕುಣಿದರೆ, ಎಸೆಯಿರಿ. ವೈರಿನ ತುದಿಯಲ್ಲಿ ತಾಮ್ರ ಹಸಿರುಗಟ್ಟಿದ್ದರೆ 5-6 ಮಿಮೀ ಕತ್ತರಿಸಿ, ಹೊಸ ಎಳೆ ಕಾಣಿಸಿ, ಕ್ಯಾಪನ್ನು ಮತ್ತೆ ಬಿಗಿಯಾಗಿ ತಿರುಗಿಸಿ. ಕತ್ತಲಲ್ಲಿ ಕಿಕ್ ಹೊಡೆದು ನೋಡಿದರೆ ವೈರಿನ ಬಿರುಕಿನಿಂದ ಚಾಸಿಗೆ ಹಾರುವ ಕಿಡಿ ಕಣ್ಣಿಗೆ ಬೀಳುತ್ತದೆ. ಮಳೆಯಲ್ಲಿ ಮಾತ್ರ ಮುಷ್ಕರ ಹೂಡುವ ಬೈಕಿಗೆ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಕ್ಯಾಪಿನ ಮೇಲೆ ನೀರು ಚಿಮುಕಿಸಿ ನೋಡಿದರೆ ಇನ್ನೂ ಸ್ಪಷ್ಟ.

ಸ್ವಿಚ್, ವೈರಿಂಗ್, ಅರ್ಥ್

ಮ್ಯಾಗ್ನೆಟೊ ಅಥವಾ ಎಸಿ ಸಿಡಿಐ ಆಗಿದ್ದರೆ ಕಿಲ್ ವೈರನ್ನು ಸಿಡಿಐ ಅಥವಾ ಕಾಯಿಲ್ ಹತ್ತಿರವೇ ಬಿಡಿಸಿ ಕಿಕ್ ಹೊಡೆಯಿರಿ. ಕಿಡಿ ಬಂತೇ? ಹಾಗಾದರೆ ಎಂಜಿನ್ ಕಡೆಯ ಎಲ್ಲವೂ ಸರಿ. ದೋಷ ಸ್ವಿಚ್ಚಿನಲ್ಲೋ ಅಲ್ಲಿಗೆ ಹೋಗುವ ವೈರಿನಲ್ಲೋ ಇದೆ. ಒಂದೇ ವೈರ್ ಬಿಡಿಸಿ ಅರ್ಧ ಬೈಕನ್ನು ಅನುಮಾನದಿಂದ ಹೊರಗಿಡಬಹುದು, ಅದಕ್ಕೇ ಈ ಪರೀಕ್ಷೆಯನ್ನು ಯಾವತ್ತೂ ಬಿಡಬಾರದು. ಹೀಗೆ ಎಂಜಿನ್ ಸ್ಟಾರ್ಟ್ ಮಾಡಿದರೆ ಕೀಲಿಯಿಂದ ಆಫ್ ಆಗುವುದಿಲ್ಲ. ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿಹಿಡಿದು, ಕ್ಲಚ್ ನಿಧಾನವಾಗಿ ಬಿಟ್ಟು ನಿಲ್ಲಿಸಿ.

ಆಮೇಲೆ ಬಿಡಿಸಿದ ಕಿಲ್ ವೈರಿಗೂ ಅರ್ಥಿಗೂ ನಡುವೆ ಮೀಟರ್ ಇಡಿ. ಸ್ವಿಚ್ ಆನ್ ಇದ್ದಾಗ ಸಂಪರ್ಕ ಇರಬಾರದು. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸುತ್ತ ನೋಡಿ. ಸ್ಟೀರಿಂಗ್ ಹೆಡ್ ಬಳಿ ವೈರುಗಳು ವರ್ಷಗಟ್ಟಲೆ ಮಡಚಿ ಮಡಚಿ ಸುಲಿದಿರುತ್ತವೆ, ಹ್ಯಾಂಡಲ್ ಒಂದು ಕಡೆಗಿದ್ದಾಗ ಮಾತ್ರ ಚಾಸಿಗೆ ತಗುಲುತ್ತವೆ. ಸೈಡ್ ಸ್ಟ್ಯಾಂಡ್, ಕ್ಲಚ್ ಸ್ವಿಚ್ಚುಗಳಿರುವ ಬೈಕಾದರೆ ಅವುಗಳನ್ನೂ ಹೀಗೇ ಪರೀಕ್ಷಿಸಿ.

ಬ್ಯಾಟರಿ ಇಗ್ನಿಷನ್ ಆಗಿದ್ದರೆ ಬ್ಯಾಟರಿಯಿಂದ ಶುರುಮಾಡಿ. 12 ವೋಲ್ಟ್ ಬ್ಯಾಟರಿ ತುಂಬಿದ್ದಾಗ 12.6ರ ಸುಮಾರಿಗೆ ಇರಬೇಕು, 12.2 ಅಂದರೆ ಅರ್ಧಕ್ಕೆ ಬಂದಿದೆ. 6 ವೋಲ್ಟಿನದು 6.3. ಸೆಲ್ಫ್ ಒತ್ತಿದಾಗ 12 ವೋಲ್ಟಿನದು 10ಕ್ಕಿಂತ ಕೆಳಗೆ ಕುಸಿದರೆ ಸೆಲ್ಫ್ ತಿರುಗಿದರೂ ಕಿಡಿ ಸೊರಗುತ್ತದೆ, ಡಿಸಿ ಸಿಡಿಐ ಸುಮ್ಮನಾಗಿಬಿಡಬಹುದು. ಬ್ಯಾಟರಿ ಸರಿ ಇದ್ದರೆ, ಪಾಯಿಂಟ್ ಮುಚ್ಚಿರುವಾಗ ಇಗ್ನಿಷನ್ ಆನ್ ಮಾಡಿ, ಬ್ಯಾಟರಿಯ ಪಾಸಿಟಿವ್ ಮತ್ತು ಕಾಯಿಲ್ಲಿಗೆ ಕರೆಂಟ್ ಬರುವ ಟರ್ಮಿನಲ್ ನಡುವೆ ಮೀಟರ್ ಇಡಿ. ಅಲ್ಲಿ 0.5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತಿದೆ: ಸವೆದ ಇಗ್ನಿಷನ್ ಸ್ವಿಚ್, ಕಿಲುಬು ಹಿಡಿದ ಫ್ಯೂಸ್ ಹೋಲ್ಡರ್, ಸಡಿಲವಾದ ಕಪ್ಲರ್ ಪಿನ್. ಬ್ಯಾಟರಿಯಿಂದ ಕಾಯಿಲ್ಲಿಗೆ ನೇರ ವೈರ್ ಕೊಟ್ಟು ನೋಡಿದರೆ ಸಂಶಯ ಬಗೆಹರಿಯುತ್ತದೆ. ಪರೀಕ್ಷೆ ಮುಗಿದ ಕೂಡಲೇ ತೆಗೆಯಿರಿ, ಇಗ್ನಿಷನ್ನೂ ಆಫ್ ಮಾಡಿ. ಪಾಯಿಂಟ್ ಮುಚ್ಚಿರುವಾಗ ಕರೆಂಟ್ ಹರಿಯುತ್ತಲೇ ಇದ್ದರೆ ಕಾಯಿಲ್ ಕಾದು ಹಾಳಾಗುತ್ತದೆ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಪಾಸಿಟಿವ್ ಅರ್ಥ್ ಇರುವುದು ಸಾಮಾನ್ಯ. ಅಂಥ ಕಡೆ ಇಲ್ಲಿ ಪಾಸಿಟಿವ್ ಎಂದಿರುವುದನ್ನು ನೆಗೆಟಿವ್ ಎಂದು ಓದಿಕೊಳ್ಳಬೇಕು.

ಹೊಸದಾಗಿ ಬಣ್ಣ ಹೊಡೆಸಿದ ಬೈಕು ಸ್ಟಾರ್ಟ್ ಆಗದಿದ್ದರೆ ಎಲ್ಲಕ್ಕಿಂತ ಮೊದಲು ಅರ್ಥ್ ನೋಡಿ. ಮ್ಯಾಗ್ನೆಟೊ ಮತ್ತು ಸಿಡಿಐ ಬೈಕುಗಳಲ್ಲಿ ಎಚ್‌ಟಿ ಕಾಯಿಲ್ಲಿನ ಬೋಲ್ಟೇ ಅದರ ಅರ್ಥ್ ಆಗಿರುವುದುಂಟು. ಆ ಬೋಲ್ಟಿನ ಕೆಳಗೆ ದಪ್ಪ ಬಣ್ಣ ಕೂತಿದ್ದರೆ ಕಿಡಿ ಇಲ್ಲ. ಕೆರೆದು ಲೋಹ ಕಾಣಿಸಿ ಬಿಗಿಮಾಡಿ.

ಪಾಯಿಂಟ್

ತಿಂಗಳುಗಟ್ಟಲೆ ನಿಂತ ಪಾಯಿಂಟ್ ಬೈಕು ಏಳದಿರಲು ಹೆಚ್ಚಾಗಿ ಕಾರಣ ಪಾಯಿಂಟಿನ ಮುಖದ ಮೇಲೆ ಕೂತ, ಬೂದು ಬಣ್ಣದ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಆಕ್ಸೈಡ್ ಪೊರೆ. ಮುಖ ಮುಚ್ಚಿದಂತೆ ಕಾಣುತ್ತದೆ, ಕರೆಂಟ್ ದಾಟುವುದಿಲ್ಲ.

ಬ್ಯಾಟರಿ ಬೈಕಿನಲ್ಲಿ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಕಾಯಿಲ್ಲಿನಿಂದ ಪಾಯಿಂಟಿಗೆ ಹೋಗುವ ವೈರಿಗೂ ಇನ್ನೊಂದನ್ನು ಎಂಜಿನ್ನಿಗೂ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಪ್ಲಗ್ ಬಿಚ್ಚಿ ಕಿಡಿ ನೋಡುವಾಗಿನಂತೆಯೇ ಅರ್ಥಿಗೆ ಕಟ್ಟಿಟ್ಟು ಎಂಜಿನ್ನನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಪಾಯಿಂಟ್ ಮುಚ್ಚಿದಾಗ ಲ್ಯಾಂಪ್ ಆರಬೇಕು, ತೆರೆದಾಗ ಹೊತ್ತಬೇಕು. ಯಾವಾಗಲೂ ಹೊತ್ತೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಮುಖ ಕೊಳೆಯಾಗಿದೆ, ಅಥವಾ ಪಾಯಿಂಟ್ ಪ್ಲೇಟಿಗೆ ಅರ್ಥ್ ಇಲ್ಲ. ಹೊತ್ತುವುದೇ ಇಲ್ಲ ಎಂದರೆ ಕಾಯಿಲ್ಲಿಗೆ ಕರೆಂಟ್ ಬರುತ್ತಿಲ್ಲ, ಪ್ರೈಮರಿ ತುಂಡಾಗಿದೆ, ಕಂಡೆನ್ಸರ್ (ಪಾಯಿಂಟಿನ ಜೊತೆಗಿರುವ ಕೆಪಾಸಿಟರ್) ಶಾರ್ಟ್ ಆಗಿದೆ, ಅಥವಾ ಪಾಯಿಂಟಿನ ಟರ್ಮಿನಲ್ ಅರ್ಥಿಗೆ ತಗುಲಿದೆ.

ಈ ಕೊನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಾಯಿಂಟಿನ ಸಣ್ಣ ಬೋಲ್ಟಿನ ಮೇಲೆ ಫೈಬರ್ ವಾಷರುಗಳಿರುತ್ತವೆ. ಸ್ಪ್ರಿಂಗ್, ಕಾಯಿಲ್ ವೈರ್, ಕಂಡೆನ್ಸರ್ ವೈರ್ ಮೂರೂ ಒಂದಕ್ಕೊಂದು ಮುಟ್ಟಬೇಕು, ಆದರೆ ಮೂರರಲ್ಲಿ ಒಂದೂ ಪ್ಲೇಟನ್ನು ಮುಟ್ಟಬಾರದು. ಒಂದು ವಾಷರಿನ ಜಾಗ ಅದಲುಬದಲಾದರೂ ಸಾಕು, ಹೊಚ್ಚಹೊಸ ಪಾಯಿಂಟಿನಲ್ಲೂ ಕಿಡಿ ಇರುವುದಿಲ್ಲ. ಬಿಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಜೋಡಿಸಿದ ಮೇಲೆ ವೈರುಗಳನ್ನು ಬಿಡಿಸಿಟ್ಟು, ಪಾಯಿಂಟ್ ತೆರೆದಿರುವಾಗ ಟರ್ಮಿನಲ್ಲಿಗೂ ಪ್ಲೇಟಿಗೂ ನಡುವೆ ಸಂಪರ್ಕ ಇಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ.

ಪಾಯಿಂಟಿನ ಒಂದು ಮುಖದಲ್ಲಿ ಗುಬುಟು, ಇನ್ನೊಂದರಲ್ಲಿ ಗುಳಿ ಎದ್ದಿದ್ದರೆ ಸಣ್ಣ ಅರದಿಂದ ಗುಬುಟನ್ನು ಮಾತ್ರ ಸಮಮಾಡಿ. ಗುಳಿ ತಳ ಕಾಣುವವರೆಗೆ ಉಜ್ಜಬೇಡಿ. ಎಮರಿ ಪೇಪರಿನ ಪುಡಿ ಮುಖದೊಳಗೆ ಹುದುಗಿ ಮತ್ತೆ ತೊಂದರೆ ಕೊಡುತ್ತದೆ. ಕೊನೆಗೆ ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ನೆನೆಸಿದ ಶುಭ್ರವಾದ ಗಟ್ಟಿ ಕಾಗದದ ಪಟ್ಟಿಯನ್ನು ಮುಚ್ಚಿದ ಪಾಯಿಂಟ್ ನಡುವೆ ಎಳೆಯಿರಿ, ಕಾಗದದ ಮೇಲೆ ಕಪ್ಪು ಗೆರೆ ಬರುವುದು ನಿಲ್ಲುವವರೆಗೆ. ಹೊಸ ಪಾಯಿಂಟಿಗೂ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನೂ ಹೀಗೇ ಒರೆಸಬೇಕು.

ಗ್ಯಾಪ್ ಹೊಂದಿಸುವಾಗ ಕ್ಯಾಮ್ ಪಾಯಿಂಟನ್ನು ಗರಿಷ್ಠ ತೆರೆದ ಜಾಗಕ್ಕೆ ತನ್ನಿ. ಹೆಚ್ಚಿನ ಬೈಕುಗಳಿಗೆ 0.35ರಿಂದ 0.40 ಮಿಮೀ. ಕ್ಯಾಮನ್ನು ಉಜ್ಜುವ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ. ಆದ್ದರಿಂದ ಗ್ಯಾಪ್ ಮುಟ್ಟಿದ ಮೇಲೆ ಟೈಮಿಂಗ್ ನೋಡಲೇಬೇಕು. ಕ್ಯಾಮಿಗೆ ಗ್ರೀಸ್ ಒಂದು ತೊಟ್ಟು ಸಾಕು. ಹೆಚ್ಚಾದರೆ ಅದು ಪಾಯಿಂಟಿಗೇ ಎರಚುತ್ತದೆ.

ಕಂಡೆನ್ಸರ್ ಮತ್ತು ಕಾಯಿಲ್

ಕಿಕ್ ಹೊಡೆಯುವಾಗ ಪಾಯಿಂಟಿನಲ್ಲೇ ದಪ್ಪ ಕಿಡಿ ಕಾಣಿಸಿ ಪ್ಲಗ್ಗಿನಲ್ಲಿ ಹಳದಿ ಕಿಡಿ ಬರುತ್ತಿದ್ದರೆ ಕಂಡೆನ್ಸರ್ ಹೋಗಿದೆ ಎಂದೇ ತಿಳಿಯಿರಿ. ಪಾಯಿಂಟ್ ತೆರೆಯುವಾಗ ಕರೆಂಟ್ ಥಟ್ಟನೆ ನಿಲ್ಲಬೇಕು, ಅದಕ್ಕೇ ಕಂಡೆನ್ಸರ್ ಇರುವುದು. ಅದಿಲ್ಲದಿದ್ದರೆ ಕರೆಂಟ್ ಪಾಯಿಂಟಿನ ಮುಖದಲ್ಲೇ ಎಳೆದಾಡಿ ಸಾಯುತ್ತದೆ. ಅಳೆದರೆ ಸಾಮಾನ್ಯವಾಗಿ 0.2ರಿಂದ 0.3 ಮೈಕ್ರೋಫ್ಯಾರಡ್ ಇರಬೇಕು. ಆದರೆ ತಣ್ಣಗಿದ್ದಾಗ ಸರಿ ಅಳತೆ ತೋರಿಸಿ ಕಾದ ಮೇಲೆ ಸೋರುವ ಕಂಡೆನ್ಸರುಗಳೇ ಹೆಚ್ಚು, ಹಾಗಾಗಿ ಮೀಟರಿಗಿಂತ ಬದಲಿ ಹಾಕಿ ನೋಡುವುದು ವಾಸಿ: ಹಳೆಯದರ ವೈರ್ ಬಿಡಿಸಿ, ಚೆನ್ನಾಗಿದೆ ಎಂದು ಗೊತ್ತಿರುವ ಒಂದನ್ನು ಹೊರಗಿನಿಂದಲೇ ಟರ್ಮಿನಲ್ಲಿಗೆ ಕ್ಲಿಪ್ ಮಾಡಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿ. ದಶಕಗಳ ಕಾಲ ಡಬ್ಬಿಯಲ್ಲೇ ಕೂತ ಹಳೆ ದಾಸ್ತಾನಿನ ಕಂಡೆನ್ಸರನ್ನು ಹೊಸದೆಂದು ನಂಬಬೇಡಿ. 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಇದಕ್ಕೆ ಒಳ್ಳೆಯ ಬದಲಿ. ಪಾಯಿಂಟ್ ತೆರೆದಾಗ ಪ್ರೈಮರಿಯಲ್ಲೂ ನೂರಾರು ವೋಲ್ಟ್ ಏಳುವುದರಿಂದ ಕಡಿಮೆ ವೋಲ್ಟಿನದು ಬೇಡ.

ಕಾಯಿಲ್ ಅಳೆಯುವಾಗ ಎಲ್ಲ ವೈರುಗಳನ್ನೂ ಬಿಡಿಸಿ. ಮೀಟರಿನ ಎರಡು ಕಡ್ಡಿಗಳನ್ನು ಸೇರಿಸಿದಾಗ ಬರುವ 0.2-0.3 ಓಮನ್ನು ಕಳೆಯಲು ಮರೆಯಬೇಡಿ. 12 ವೋಲ್ಟಿನ ಪಾಯಿಂಟ್ ಕಾಯಿಲ್ಲಿನ ಪ್ರೈಮರಿ ಸುಮಾರು 3ರಿಂದ 5 ಓಮ್, 6 ವೋಲ್ಟಿನದು ಅದಕ್ಕಿಂತ ಕಡಿಮೆ, ಸಿಡಿಐ ಕಾಯಿಲ್ಲಿನದು 1 ಓಮಿಗಿಂತಲೂ ಕಡಿಮೆ ಇರಬಹುದು. ಸೆಕೆಂಡರಿಯನ್ನು ಕ್ಯಾಪ್ ತೆಗೆದು ಅಳೆಯಿರಿ: ಪಾಯಿಂಟಿನ ಕಾಯಿಲ್ಲಿಗೆ 5ರಿಂದ 15 ಕಿಲೋಓಮ್, ಸಿಡಿಐ ಕಾಯಿಲ್ಲಿಗೆ ಹೆಚ್ಚಾಗಿ ಅದಕ್ಕಿಂತ ಕಡಿಮೆ. ಓಮ್ ಸರಿ ಬಂತೆಂದು ಕಾಯಿಲ್ ಪಾಸಾಯಿತು ಎಂದಲ್ಲ. ಸಾವಿರಾರು ವೋಲ್ಟಿನಲ್ಲಿ ಸೀಳುವ ಇನ್ಸುಲೇಷನ್ನನ್ನು ಮೀಟರಿನ ಪುಟ್ಟ ಬ್ಯಾಟರಿ ಕಾಣಲಾರದು. ಓಮ್ ತಪ್ಪಿದರೆ ಮಾತ್ರ ಅದು ಖಂಡಿತ ಕೆಟ್ಟಿದೆ.

ಸಿಡಿಐ ಬೈಕಾದರೆ

ಸಿಡಿಐ ಡಬ್ಬಿಯನ್ನು ಸಾಮಾನ್ಯ ಮೀಟರಿನಿಂದ ನಂಬಿಕೆಯಿಂದ ಪರೀಕ್ಷಿಸಲು ಆಗುವುದಿಲ್ಲ. ಅದಕ್ಕೆ ಬರಬೇಕಾದ್ದೆಲ್ಲ ಬಂದು, ಹೊರಗೆ ಮಾತ್ರ ಏನೂ ಹೋಗದಿದ್ದರೆ ಆಗ ಅದು ಅಪರಾಧಿ. ಆದ್ದರಿಂದ ಸಿಡಿಐ ಸರದಿ ಯಾವಾಗಲೂ ಕೊನೆಯದು.

ಮ್ಯಾಗ್ನೆಟ್ಟಿನಿಂದ ಬರುವ ಕಪ್ಲರ್ ಬಿಡಿಸಿ ಅಳೆಯಿರಿ. ಪಲ್ಸರ್ ಕಾಯಿಲ್ ಹಲವು ಬೈಕುಗಳಲ್ಲಿ 100ರಿಂದ 250 ಓಮ್. ಸೋರ್ಸ್ ಕಾಯಿಲ್ ಇರುವ ಬೈಕಿನಲ್ಲಿ ಅದು ನೂರಾರು ಓಮ್. ನಂತರ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಕಿಕ್ ಹೊಡೆಯಿರಿ. ಸೋರ್ಸ್ ಕಾಯಿಲ್ ಹತ್ತಾರು ವೋಲ್ಟ್ ಕೊಡಬೇಕು, ಪಲ್ಸರ್ ಪ್ರತಿ ಸಲವೂ ಸಣ್ಣದಾಗಿ ಮಿಡಿಯಬೇಕು. ಮಿಡಿತ ಕ್ಷಣಮಾತ್ರದ್ದಾದ್ದರಿಂದ ಸಾಮಾನ್ಯ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಮ್ಯಾನುಯಲ್ಲಿನ ಪೀಕ್ (ಗರಿಷ್ಠ) ವೋಲ್ಟೇಜಿಗೆ ಹೋಲಿಸಬೇಕಾದರೆ ಆ ಗರಿಷ್ಠವನ್ನು ಹಿಡಿದು ಮೀಟರಿಗೆ ತೋರಿಸುವ ಪೀಕ್ ಅಡಾಪ್ಟರ್ ಬೇಕು. ಕಪ್ಲರ್ ಸಿಕ್ಕಿಸಿರುವಾಗ ಸಿಡಿಐನಿಂದ ಕಾಯಿಲ್ಲಿಗೆ ಹೋಗುವ ವೈರನ್ನು ಮುಟ್ಟಬೇಡಿ, ಅದರಲ್ಲಿರುವುದು ನೂರಾರು ವೋಲ್ಟ್.

ಮ್ಯಾಗ್ನೆಟ್ ಬಿಚ್ಚಬೇಕಾಗಿ ಬಂದರೆ ಪುಲ್ಲರ್ ಬಳಸಿ. ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕಿನ ತುದಿ ಬಾಗಬಹುದು, ಮ್ಯಾಗ್ನೆಟ್ ಸಡಿಲವಾಗಬಹುದು ಇಲ್ಲವೇ ಬಿರುಕು ಬಿಡಬಹುದು.

ಕಿಡಿ ಚೆನ್ನಾಗಿದೆ, ಆದರೂ ಏಳುತ್ತಿಲ್ಲ

ಕಿಡಿ ತಪ್ಪಾದ ಹೊತ್ತಿಗೆ ಬರುತ್ತಿದೆ. ಸೈಲೆನ್ಸರಿನಲ್ಲಿ ಢಂ ಎನ್ನುವುದು, ಕಿಕ್ ಕಾಲಿಗೆ ವಾಪಸ್ ಹೊಡೆಯುವುದು ಇದರ ಗುರುತು. ಮ್ಯಾಗ್ನೆಟ್ಟನ್ನು ಕ್ರ್ಯಾಂಕಿನ ಮೇಲೆ ಜಾಗದಲ್ಲಿಡುವ ಅರ್ಧಚಂದ್ರದ ಕೀ ಕತ್ತರಿಸಿಹೋಗಿ ಮ್ಯಾಗ್ನೆಟ್ ಜಾರಿರಬಹುದು. ಅದರ ಗುರುತುಗಳು ಸರಿ ಕಂಡರೂ ಪಿಸ್ಟನ್ ಬೇರೆ ಕಡೆ ಇರುತ್ತದೆ. ಆದ್ದರಿಂದ ಪ್ಲಗ್ ರಂಧ್ರದಲ್ಲಿ ಮೃದುವಾದ ಪ್ಲಾಸ್ಟಿಕ್ ಕಡ್ಡಿ ಇಳಿಸಿ ಪಿಸ್ಟನ್ ತುತ್ತತುದಿಗೆ ಬಂದಾಗ ಮ್ಯಾಗ್ನೆಟ್ಟಿನ ಟಿ ಗುರುತು (ತುತ್ತತುದಿಯ ಗುರುತು) ಹೊಂದುತ್ತದೆಯೇ ನೋಡಿ. ಬ್ಯಾಟರಿ ಮತ್ತು ಪಾಯಿಂಟಿನ ಬೈಕಾದರೆ ಆಮೇಲೆ ಟೆಸ್ಟ್ ಲ್ಯಾಂಪನ್ನು ಮೊದಲಿನಂತೆಯೇ ಸಿಕ್ಕಿಸಿ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಎಫ್ ಗುರುತು (ಕಿಡಿ ಹಾರಬೇಕಾದ ಜಾಗ) ಹೊಂದುವ ಕ್ಷಣಕ್ಕೆ ಲ್ಯಾಂಪ್ ಹೊತ್ತಬೇಕು. ಎರಡು ಸಿಲಿಂಡರಿನ ಬೈಕಾದರೆ ಎಚ್‌ಟಿ ವೈರುಗಳು ಅದಲುಬದಲಾಗಿವೆಯೇ ಎಂದೂ ನೋಡಿ. ಆಟೊ ಅಡ್ವಾನ್ಸಿನ (ವೇಗ ಏರಿದಂತೆ ಕಿಡಿಯನ್ನು ಮುಂದಕ್ಕೆ ತರುವ ವ್ಯವಸ್ಥೆ) ತೂಕಗಳು ತುಕ್ಕು ಹಿಡಿದು ತೆರೆದೇ ಉಳಿದಿದ್ದರೂ ಕಿಕ್ ವಾಪಸ್ ಹೊಡೆಯುತ್ತದೆ.

ಕಾದ ಮೇಲೆ ಮಾತ್ರ ನಿಲ್ಲುವ ಬೈಕು

ತಣ್ಣಗಿದ್ದಾಗ ಎಷ್ಟು ಅಳೆದರೂ ಈ ದೋಷ ಸಿಗುವುದಿಲ್ಲ. ಎಂಜಿನ್ ನಿಂತ ಒಂದೆರಡು ನಿಮಿಷದೊಳಗೆ, ಬಿಸಿ ಇರುವಾಗಲೇ ಕಿಡಿ ನೋಡಬೇಕು. ಸ್ಪಾರ್ಕ್ ಟೆಸ್ಟರನ್ನು ಜೊತೆಯಲ್ಲೇ ಇಟ್ಟುಕೊಳ್ಳಿ. ಪಾಯಿಂಟ್ ಬೈಕಿನಲ್ಲಿ ಮೊದಲ ಅನುಮಾನ ಕಂಡೆನ್ಸರ್, ನಂತರ ಕಾಯಿಲ್. ಸಿಡಿಐ ಬೈಕಿನಲ್ಲಿ ಪಲ್ಸರ್ ಮತ್ತು ಸೋರ್ಸ್ ಕಾಯಿಲ್. ಮನೆಯಲ್ಲೇ ಪರೀಕ್ಷಿಸಬೇಕಾದರೆ ಹೇರ್ ಡ್ರೈಯರಿನಿಂದ ಒಂದು ಸಲಕ್ಕೆ ಒಂದೇ ಭಾಗವನ್ನು ಬಿಸಿಮಾಡಿ, ಮೀಟರ್ ಸಿಕ್ಕಿಸಿಟ್ಟೇ ಅಂಕಿ ಗಮನಿಸಿ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.4% ಏರುತ್ತದೆ. ಆದ್ದರಿಂದ 25 ಡಿಗ್ರಿಯಲ್ಲಿ 200 ಓಮ್ ಇದ್ದ ಪಲ್ಸರ್ ಕಾಯಿಲ್ 75 ಡಿಗ್ರಿಯಲ್ಲಿ ಹೆಚ್ಚುಕಡಿಮೆ 240 ತೋರಿಸುವುದು ಸಹಜ, ಅದನ್ನು ದೋಷ ಎನ್ನಬೇಡಿ. ಅಂಕಿ ಏರುತ್ತ ಏರುತ್ತ ಇದ್ದಕ್ಕಿದ್ದಂತೆ ಮಾಯವಾದರೆ, ಅಥವಾ ಏರಬೇಕಾದ್ದು ಧುತ್ತೆಂದು ಕುಸಿದರೆ, ಒಳಗಿನ ಸುತ್ತು ತುಂಡಾಗುತ್ತಿದೆ ಇಲ್ಲವೇ ಶಾರ್ಟ್ ಆಗುತ್ತಿದೆ. ಆ ಕಾಯಿಲ್ ಬದಲಿಸಿ.